ಕುಷ್ಠವೆಂಬ ಮಾತು: ಸತ್ಯವೇದವೂ ವೈದ್ಯಶಾಸ್ತ್ರವೂ

ಓದತಕ್ಕ ವೇದಭಾಗಗಳು: ಯಾಜಕಕಾಂಡ 13 ಮತ್ತು 14ನೇ ಅಧ್ಯಾಯಗಳು, 2 ಅರಸುಗಳು 20:1–7, ಮಾರ್ಕ 1:40–45, ಯೋಹಾನ 9:1–7.



ವಿಜ್ಞಾನವು ಬೆಳೆದ ಹಾಗೆಲ್ಲಾ ವಿಶ್ವಾಸವು ಕುಗ್ಗುವದೆಂದು ಕೆಲವರೂ, ವಿಶ್ವಾಸಿಗೆ ವಿಜ್ಞಾನದ ಹಂಗೇ ಬೇಡವೆಂದು ಬೇರೆ ಕೆಲವರೂ ಹೇಳುವದನ್ನು ಕೇಳುತ್ತೇವೆ. ಪಟ್ಟಣದ ವಿದ್ವಾಂಸರು ಈ ವಿಷಯದಲ್ಲಿ ವಾದಿಸುವಾಗ ಲೋಕದ ಉತ್ಪತ್ತಿ, ನಕ್ಷತ್ರಗಳ ದೂರ, ಭೂಮಿಯ ವಯಸ್ಸು ಮುಂತಾದವುಗಳನ್ನು ಎತ್ತಿಕೊಳ್ಳುತ್ತಾರೆ. ಅವು ವಿಚಾರಿಸತಕ್ಕ ಸಂಗತಿಗಳೇ ಸರಿ. ಆದರೆ ನಮ್ಮ ಹಳ್ಳಿಯ ಸಭೆಗಳಲ್ಲಿ ಈ ಪ್ರಶ್ನೆಯು ಬಹಳ ಸಲ ಯಾರದೋ ತೋಳಿನ ಮೇಲಣ ಒಂದು ಮಚ್ಚೆಯ ರೂಪದಲ್ಲಿ ಬರುತ್ತದೆ. ಆದದರಿಂದ ಈ ಪಾಠಕ್ಕೆ ಒಂದೇ ಒಂದು ರೋಗವನ್ನು ತೆಗೆದುಕೊಂಡಿದ್ದೇನೆ.

ಹಲವು ವರುಷಗಳ ಹಿಂದೆ ನಾನು ಉಪದೇಶಿಯಾಗಿದ್ದ ಒಂದು ಚಿಕ್ಕ ಸಭೆಯಲ್ಲಿ ಕೂಲಿಮಾಡಿ ಜೀವಿಸುವ ಒಬ್ಬ ವಿಧವೆ ಇದ್ದಳು. ಎಲ್ಲರೂ ಆಕೆಯನ್ನು ಅಕ್ಕನೆಂದೇ ಕರೆಯುತ್ತಿದ್ದರು. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಒಂದು ದಿವಸ ಆಕೆಯು ಒಲೆಯ ಮೇಲಣ ಪಾತ್ರೆಯನ್ನು ಬರಿಗೈಯಿಂದ ಇಳಿಸಿ, ಚರ್ಮ ಸುಟ್ಟ ವಾಸನೆಯು ಮೂಗಿಗೆ ಬಂದ ಮೇಲೆಯೇ ತನ್ನ ಬೆರಳು ಬೆಂದದ್ದನ್ನು ತಿಳಿದಳು. ಊರಿಗೆ ಬರುತ್ತಿದ್ದ ಆರೋಗ್ಯ ಕಾರ್ಯಕರ್ತೆಯು ಆಕೆಯ ತೋಳಿನ ಮೇಲಣ ಮಸುಕಾದ ಮಚ್ಚೆಗಳನ್ನು ನೋಡಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿದಳು. ಕುಷ್ಠವೆಂದು ಗೊತ್ತಾಯಿತು. ಹನ್ನೆರಡು ತಿಂಗಳು ಔಷಧವನ್ನು ತೆಗೆದುಕೊಳ್ಳಬೇಕೆಂದು ಹೇಳಿ ಗುಳಿಗೆಗಳ ಪೊಟ್ಟಣವನ್ನು ಕೊಟ್ಟರು.

ಅನಂತರ ನಡೆದದ್ದು ಎರಡು. ಸಭೆಯ ಹಿರಿಯರಲ್ಲೊಬ್ಬರು, ನಿಜವಾಗಿ ಒಳ್ಳೆಯವರು, ಯಾಜಕಕಾಂಡದ 13ನೇ ಅಧ್ಯಾಯವನ್ನು ತೆರೆದು, ಅಶುದ್ಧರು ಪಾಳೆಯದ ಹೊರಗಿರಬೇಕೆಂಬ ವಿಧಿಯನ್ನು ತೋರಿಸಿ, ಅಕ್ಕನು ಇನ್ನು ಮುಂದೆ ಗುಡಿಯ ಜಗಲಿಯಲ್ಲಿ ಕೂಡ್ರತಕ್ಕದ್ದೆಂದು ಹೇಳಿದರು. ಅದಾಗಿ ಎರಡು ತಿಂಗಳಿಗೆ ಮೂರು ದಿವಸಗಳ ಕೂಟಗಳಿಗಾಗಿ ಹೊರಗಿನಿಂದ ಬಂದಿದ್ದ ಒಬ್ಬ ಪ್ರಸಂಗಿಯು ಆಕೆಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದನು. ಕೈಯಿಟ್ಟನೆಂಬದನ್ನು ಅವನ ಪಕ್ಷವಾಗಿ ಹೇಳಲೇಬೇಕು. ನಮ್ಮಲ್ಲಿ ಬೇರೆ ಯಾರೂ ಅಷ್ಟನ್ನೂ ಮಾಡಿರಲಿಲ್ಲ. ಆದರೆ ಪ್ರಾರ್ಥನೆಯಾದ ಮೇಲೂ ಗುಳಿಗೆ ನುಂಗುವದು ದೇವರನ್ನು ಸಂಶಯಿಸುವದೇ ಎಂದು ಅವನು ಹೇಳಿದನು. ಅಕ್ಕನು ಮೂರನೆಯ ತಿಂಗಳಿನ ಪೊಟ್ಟಣವನ್ನು ಹಾಗೆಯೇ ಇಟ್ಟುಬಿಟ್ಟಳು. ನಾನು ಎರಡು ಸಲವೂ ಸುಮ್ಮನಿದ್ದೆನು. ಹಿರಿಯರು ನನ್ನ ತಂದೆಯ ವಯಸ್ಸಿನವರು, ಪ್ರಸಂಗಿಯು ನನಗಿಂತ ಓದಿದವನು ಎಂಬದೇ ನನಗೆ ನೆವವಾಯಿತು. ಒಂದೂವರೆ ವರುಷದೊಳಗೆ ಆಕೆಯ ಬಲಗೈಯ ಕಿರುಬೆರಳೂ ಉಂಗುರಬೆರಳೂ ಅಂಗೈಯ ಕಡೆಗೆ ಬಾಗಿ ನಿಂತವು. ಅಂದು ನಾನು ಹೇಳಬೇಕಾಗಿದ್ದದ್ದನ್ನು ಇಂದು ಬರೆಯುತ್ತೇನೆ.

ಮೊದಲು ಯಾಜಕಕಾಂಡವನ್ನೇ ನೋಡೋಣ. ಹಿರಿಯರು ಒಂದೆರಡು ವಚನಗಳನ್ನು ಓದಿದರು. ನಾವು ಎರಡು ಅಧ್ಯಾಯಗಳನ್ನೂ ಪೂರ್ತಿಯಾಗಿ ಓದಬೇಕು. ಅಲ್ಲಿ ಹೇಳಿರುವ ಕುಷ್ಠವು ಮನುಷ್ಯನ ಚರ್ಮಕ್ಕೆ ಮಾತ್ರವಲ್ಲ, ಉಣ್ಣೆಯ ಬಟ್ಟೆಗೂ ತೊಗಲಿನ ಸಾಮಾನಿಗೂ ಹತ್ತುತ್ತದೆ (13:47–59). ಮನೆಯ ಗೋಡೆಯಲ್ಲಿಯೂ ಹಸುರು ಇಲ್ಲವೆ ಕೆಂಪು ಬಣ್ಣದ ಕುಳಿಗಳಾಗಿ ಕಾಣುತ್ತದೆ (14:33–48). ಇಂದು ವೈದ್ಯರು ಕುಷ್ಠವೆನ್ನುವ ರೋಗವು ಬಟ್ಟೆಗೂ ಗೋಡೆಗೂ ಬರುವದಿಲ್ಲ. ಇನ್ನೊಂದು ವಿಚಿತ್ರವುಂಟು: ಆ ಚಿಹ್ನೆಯು ತಲೆಯಿಂದ ಕಾಲಿನ ವರೆಗೆ ಮೈಯನ್ನೆಲ್ಲಾ ಮುಚ್ಚಿ ಬೆಳ್ಳಗಾದರೆ ಆ ಮನುಷ್ಯನು ಶುದ್ಧನೆಂದು ಯಾಜಕನು ತೀರ್ಮಾನಿಸಬೇಕು (13:12–13). ನಮ್ಮ ಕಾಲದ ಕುಷ್ಠಕ್ಕೆ ಇದು ಹೊಂದುವದೇ ಇಲ್ಲ. ಬೆರಳುಗಳು ಬಾಗುವದಾಗಲಿ, ಸ್ಪರ್ಶಜ್ಞಾನವು ಹೋಗುವದಾಗಲಿ ಆ ಎರಡು ಅಧ್ಯಾಯಗಳಲ್ಲಿ ಒಂದು ಮಾತಿನಲ್ಲಿಯೂ ಬಂದಿಲ್ಲ.

ಹಾಗಾದರೆ ಈ ಹೆಸರು ಹೇಗೆ ಬಂತು? ಇಬ್ರಿಯ ಭಾಷೆಯಲ್ಲಿ ಅಲ್ಲಿರುವ ಶಬ್ದವು ಚಾರಾಅತ್ ಎಂಬದಾಗಿದೆ. ಕ್ರಿಸ್ತನಿಗೆ ಮೊದಲೇ ಹಳೇ ಒಡಂಬಡಿಕೆಯನ್ನು ಗ್ರೀಕ್ ಭಾಷೆಗೆ ತಿರುಗಿಸಿದವರು ಅದಕ್ಕೆ ಲೆಪ್ರಾ ಎಂಬ ಶಬ್ದವನ್ನು ಹಾಕಿದರು. ಗ್ರೀಕರಲ್ಲಿ ಅದರ ಅರ್ಥವು ಹೊಟ್ಟು ಏಳುವ ಚರ್ಮದ ಬೇನೆ. ಈಗ ನಾವು ಕುಷ್ಠವೆನ್ನುವ ರೋಗಕ್ಕೆ ಗ್ರೀಕ್ ವೈದ್ಯರು ಎಲಿಫಾಂಟಿಯಾಸಿಸ್ ಎಂಬ ಬೇರೆ ಹೆಸರನ್ನೇ ಇಟ್ಟಿದ್ದರು. ಬಹು ಶತಮಾನಗಳ ತರುವಾಯ ಅರಬೀ ವೈದ್ಯಗ್ರಂಥಗಳನ್ನು ಲ್ಯಾಟಿನಿಗೆ ತಿರುಗಿಸುವ ಕಾಲದಲ್ಲಿ ಎರಡು ಹೆಸರುಗಳೂ ಬೆರೆತುಹೋದವು. ನಮ್ಮ ದೇಶದಲ್ಲಿಯೂ ಇಂಥಾದ್ದೇ ಆಗಿದೆ. ಆಯುರ್ವೇದದಲ್ಲಿ ಕುಷ್ಠವೆಂಬದು ಹದಿನೆಂಟು ವಿಧಗಳ ಚರ್ಮರೋಗಗಳಿಗೆ ಸಲ್ಲುವ ಅಗಲವಾದ ಹೆಸರು. ಹಳ್ಳಿಗಳಲ್ಲಿ ತೊನ್ನು ಹತ್ತಿದವರನ್ನೂ ಕುಷ್ಠದವರೆಂದು ದೂರಮಾಡುವವರು ಈಗಲೂ ಇದ್ದಾರೆ. ತೊನ್ನಿನಲ್ಲಿ ಚರ್ಮದ ಬಣ್ಣವು ಹೋಗುವದು, ಸ್ಪರ್ಶಜ್ಞಾನವು ಹೋಗುವದಿಲ್ಲ, ಅದು ಒಬ್ಬರಿಂದ ಒಬ್ಬರಿಗೆ ಅಂಟತಕ್ಕದ್ದೂ ಅಲ್ಲ.

ಒಂದು ಶಬ್ದದ ಗಲಿಬಿಲಿಯಿಂದ ಏನು ಮಹಾ ಕೆಡಕಾಯಿತೆಂದು ಕೇಳಬೇಡಿರಿ. 1179ನೇ ಇಸವಿಯ ಮೂರನೆಯ ಲ್ಯಾಟರನ್ ಸಭಾಸಂಘವು ಕುಷ್ಠರೋಗಿಗಳಿಗೆ ಬೇರೆ ದೇವಾಲಯವೂ ಬೇರೆ ಸ್ಮಶಾನವೂ ಇರಲೆಂದು ವಿಧಿಸಬೇಕಾಯಿತು. ಯಾಕಂದರೆ ಆ ಕಾಲದಲ್ಲಿ ಅವರನ್ನು ಇತರರ ಸಂಗಡ ಆರಾಧನೆಗೆ ಸೇರಿಸುತ್ತಿರಲಿಲ್ಲ. ಯೂರೋಪಿನ ಕೆಲವು ಪ್ರಾಂತಗಳಲ್ಲಿ ಪಾದ್ರಿಯು ರೋಗಿಯ ಮೇಲೆ ಮಣ್ಣು ಹಾಕಿ, ನೀನು ಲೋಕಕ್ಕೆ ಸತ್ತವನೆಂದು ತಿಳಿಸುವ ಆಚಾರವೂ ಇತ್ತು. ಬದುಕಿರುವವನಿಗೆ ಹೂಣುವ ವಿಧಿ! ನಮ್ಮ ಜಗಲಿಯು ಅದಕ್ಕೆ ಎಷ್ಟು ದೂರವಾಗಿತ್ತೆಂದು ನಾನು ಆಗಾಗ್ಗೆ ಯೋಚಿಸಿದ್ದೇನೆ.

ಆದರೆ ಮೋಶೆಯ ವಿಧಿಯನ್ನು ಕೀಳಾಗಿ ಎಣಿಸುವದು ಸರಿಯಲ್ಲ. ಯಾಜಕನು ಆತುರದಿಂದ ತೀರ್ಪು ಹೇಳಬಾರದು. ಏಳು ದಿವಸ ಪ್ರತ್ಯೇಕವಾಗಿಟ್ಟು ನೋಡಬೇಕು. ಸಂಶಯವಿದ್ದರೆ ಇನ್ನೂ ಏಳು ದಿವಸ ನೋಡಬೇಕು. ಗುಣವಾದವನನ್ನು ತಿರಿಗಿ ಒಳಗೆ ಸೇರಿಸುವದಕ್ಕಾಗಿ ಒಂದು ದೀರ್ಘವಾದ ಕ್ರಮವೇ ಕೊಡಲ್ಪಟ್ಟಿದೆ. ಔಷಧವೊಂದನ್ನೂ ಅಲ್ಲಿ ಹೇಳಿಲ್ಲ. ಅದು ವೈದ್ಯಗ್ರಂಥವಾಗಿ ಬರೆಯಲ್ಪಟ್ಟದ್ದಲ್ಲವಾದದರಿಂದ ಅದರಲ್ಲಿ ವೈದ್ಯವನ್ನು ಹುಡುಕುವವರು ಅದಕ್ಕೂ ಅನ್ಯಾಯ ಮಾಡುತ್ತಾರೆ, ರೋಗಿಗೂ ಅನ್ಯಾಯ ಮಾಡುತ್ತಾರೆ.

ಇನ್ನು ವೈದ್ಯಶಾಸ್ತ್ರದ ಕಥೆ. ನಾರ್ವೆ ದೇಶದ ಬರ್ಗೆನ್ ಪಟ್ಟಣದಲ್ಲಿ ಸಂತ ಯೋರ್ಗೆನನ ಹೆಸರಿನ ಹಳೆಯ ಕುಷ್ಠರೋಗಾಲಯವಿತ್ತು; ಅಲ್ಲಿಯ ಕಡೆಯ ರೋಗಿಗಳು 1946ರಲ್ಲಿ ತೀರಿಕೊಂಡರು. ಹತ್ತೊಂಭತ್ತನೆಯ ಶತಮಾನದಲ್ಲಿ ಆ ದೇಶದ ಪಡುವಣ ಕರಾವಳಿಯ ಬಡ ರೈತರಲ್ಲಿಯೂ ಬೆಸ್ತರಲ್ಲಿಯೂ ಈ ರೋಗವು ಬಹಳವಾಗಿತ್ತು. ಬರ್ಗೆನಿನ ಹೆಸರಾದ ವೈದ್ಯನಾದ ಡಾನಿಯೆಲ್ಸನ್ ಎಂಬವನು ಇದು ತಂದೆತಾಯಿಗಳಿಂದ ಮಕ್ಕಳಿಗೆ ರಕ್ತದಲ್ಲಿ ಇಳಿದುಬರುವ ರೋಗವೆಂದು 1847ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಕಲಿಸಿದ್ದನು. ಅವನ ಅಳಿಯನಾದ ಗೆರಾರ್ಡ್ ಆರ್ಮೌವರ್ ಹಾನ್ಸೆನ್ ಎಂಬವನೋ ಮಾವನ ಮಾತನ್ನು ಒಪ್ಪಲಿಲ್ಲ. ಅವನು 1873ರಲ್ಲಿ ರೋಗಿಗಳ ಗಂಟುಗಳಿಂದ ತೆಗೆದ ರಸವನ್ನು ಸೂಕ್ಷ್ಮದರ್ಶಕ ಯಂತ್ರದಲ್ಲಿ ನೋಡಿ, ಚಿಕ್ಕ ಕಡ್ಡಿಗಳಂತಿರುವ ಜೀವಾಣುಗಳನ್ನು ಕಂಡನು. ಮನುಷ್ಯರಲ್ಲಿ ಬಹುಕಾಲ ಉಳಿಯುವ ಒಂದು ರೋಗಕ್ಕೆ ಇಂಥಾ ಜೀವಾಣುವು ಕಾರಣವೆಂದು ತೋರಿಸಿದವರಲ್ಲಿ ಅವನೇ ಮೊದಲಿಗನು. ಮುಂದೆ 1888ರಲ್ಲಿ ಅವನು ಅಮೆರಿಕಾಕ್ಕೆ ಹೋಗಿ, ಅಲ್ಲಿ ನೆಲೆಸಿದ್ದ ನಾರ್ವೆಯ ಕುಷ್ಠರೋಗಿಗಳ ಮಕ್ಕಳು ಮೊಮ್ಮಕ್ಕಳನ್ನು ಹುಡುಕಿ ನೋಡಿದನು. ಒಬ್ಬರಲ್ಲಿಯೂ ರೋಗವಿರಲಿಲ್ಲ. ರಕ್ತದಲ್ಲಿ ಇಳಿದುಬರುವದಾಗಿದ್ದರೆ ಸಮುದ್ರವನ್ನು ದಾಟಿದ ಮಾತ್ರಕ್ಕೆ ಅದು ನಿಲ್ಲುತ್ತಿತ್ತೇ? ಹೀಗೆ, ಕುಲದ ಶಾಪ, ವಂಶದ ಕಳಂಕ ಎಂದು ಹೆಣ್ಣುಮಕ್ಕಳ ಮದುವೆಗಳನ್ನು ತಡೆಯುತ್ತಿದ್ದ ಆ ಹಳೆಯ ಮಾತಿಗೆ ಆಧಾರವು ತಪ್ಪಿತು.

ಈ ಹಾನ್ಸೆನನು ಭಕ್ತನಾಗಿರಲಿಲ್ಲ. ಡಾರ್ವಿನನ ಬರಹಗಳನ್ನು ಓದಿದ ಮೇಲೆ ಸಭೆಯ ಬೋಧನೆಯಿಂದ ದೂರವಾದವನು. ಆದರೂ ಅವನು ಕಂಡದ್ದು ನಿಜವೇ. ದೇವರ ಸೃಷ್ಟಿಯಲ್ಲಿರುವ ನಿಜವನ್ನು ಯಾರು ಕಂಡರೂ ಅದು ದೇವರದೇ ಎಂದು ನಾವು ಅಂಗೀಕರಿಸುವದಕ್ಕೆ ನಾಚಿಕೊಳ್ಳಬೇಕಾಗಿಲ್ಲ. ಆದರೆ ಅವನ ಜೀವನದಲ್ಲಿ ಇನ್ನೊಂದು ಪುಟವುಂಟು. ರೋಗವು ಅಂಟುವದೆಂದು ಸಿದ್ಧಮಾಡಬೇಕೆಂಬ ಆತುರದಿಂದ 1879ರಲ್ಲಿ ಅವನು ಆಸ್ಪತ್ರೆಯಲ್ಲಿದ್ದ ಒಬ್ಬ ಬಡ ಸ್ತ್ರೀಯ ಕಣ್ಣಿಗೆ, ಆಕೆಯ ಒಪ್ಪಿಗೆಯನ್ನು ಕೇಳದೆ, ಬೇರೊಬ್ಬ ರೋಗಿಯ ಗಂಟಿನಿಂದ ತೆಗೆದ ರಸವನ್ನು ಚುಚ್ಚಿದನು. ಆ ವಿಷಯವು ನ್ಯಾಯಸ್ಥಾನಕ್ಕೆ ಹೋಯಿತು. 1880ರಲ್ಲಿ ಅವನು ಆ ಆಸ್ಪತ್ರೆಯ ವೈದ್ಯನ ಸ್ಥಾನವನ್ನು ಕಳಕೊಂಡನು. ಜೀವಾಣುವು ಎಲ್ಲಿದೆಯೆಂದು ಸೂಕ್ಷ್ಮದರ್ಶಕವು ತೋರಿಸಬಲ್ಲದು. ಆ ಸ್ತ್ರೀಯ ಕಣ್ಣು ಆಕೆಯದೆಂಬದನ್ನು ತೋರಿಸುವ ಕೆಲಸವು ಅದರದಲ್ಲ.

ನಮ್ಮವರ ಕೆಲಸದಲ್ಲಿಯೂ ಮಿಶ್ರವಾದ ಲೆಕ್ಕವೇ ಇದೆ. ಐರ್ಲೆಂಡಿನವನಾದ ವೆಲ್ಲೆಸ್ಲಿ ಬೇಲಿ 1869ರಲ್ಲಿ ಪಂಜಾಬಿನ ಅಂಬಾಲೆಯಲ್ಲಿ ಕುಷ್ಠರೋಗಿಗಳ ಗುಡಿಸಲುಗಳನ್ನು ನೋಡಿ ಮನಕರಗಿದನು. 1874ರಲ್ಲಿ ಡಬ್ಲಿನಿನಲ್ಲಿ ಕುಷ್ಠರೋಗಿಗಳ ಮಿಶನ್ ಆರಂಭವಾಯಿತು. ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ ರೋಮನ್ ಕಥೋಲಿಕ ಪಾದ್ರಿಯಾದ ಅಗಸ್ಟಸ್ ಮುಲ್ಲರ್ 1890ರಲ್ಲಿ ಒಂದು ಆಶ್ರಯಸ್ಥಾನವನ್ನು ತೆರೆದನು. ಯಾರೂ ಸೇರಿಸದವರನ್ನು ಇವರು ಸೇರಿಸಿದರು, ಹುಣ್ಣುಗಳನ್ನು ತೊಳೆದರು. ಅದೇ ಕಾಲದಲ್ಲಿ ಅನೇಕ ಆಶ್ರಯಗಳಲ್ಲಿ ಗಂಡಹೆಂಡಿರನ್ನು ಬೇರೆಬೇರೆಯಾಗಿ ಇಟ್ಟರು. ರೋಗವಿಲ್ಲದ ಮಕ್ಕಳನ್ನು ತಾಯಂದಿರಿಂದ ಅಗಲಿಸಿ ಬೇರೆ ಮನೆಗಳಲ್ಲಿ ಸಾಕಿದರು. ಒಳ್ಳೇ ಮನಸ್ಸಿನಿಂದಲೇ ಮಾಡಿದರು. ಆ ತಾಯಂದಿರ ಕಣ್ಣೀರು ಅದರಿಂದ ಕಡಿಮೆಯಾಗಲಿಲ್ಲ.

ಬಹುಕಾಲದ ವರೆಗೆ ಕೈಯಲ್ಲಿದ್ದ ಔಷಧವು ಚಾಲ್ಮೂಗ್ರಾ ಎಣ್ಣೆ ಮಾತ್ರ. ಪಡುವಣ ಘಟ್ಟದ ಕಾಡುಗಳ ಗರುಡಫಲದ ಮರವು ಅದೇ ಜಾತಿಗೆ ಸೇರಿದ್ದು. ಆ ಎಣ್ಣೆಯ ಸೂಜಿಮದ್ದು ಬಹು ನೋವಿನದು, ಪ್ರಯೋಜನವೋ ಸ್ವಲ್ಪ. 1941ರಲ್ಲಿ ಅಮೆರಿಕಾದ ಕಾರ್ವಿಲ್ ಎಂಬಲ್ಲಿ ಸಲ್ಫೋನ್ ಜಾತಿಯ ಔಷಧವನ್ನು ಪರೀಕ್ಷಿಸಿದರು. ಆ ದಶಕದಲ್ಲಿಯೇ ಅದೇ ಜಾತಿಯ ಡ್ಯಾಪ್ಸೋನ್ ಎಂಬ ಅಗ್ಗವಾದ ಔಷಧವು ನಮ್ಮ ದೇಶಕ್ಕೂ ಬಂತು. ಕೆಲವು ವರುಷಗಳಾದ ಮೇಲೆ ಜೀವಾಣುಗಳು ಅದಕ್ಕೆ ಜಗ್ಗದೆ ಹೋದವು. ಆಗ ವಿಶ್ವ ಆರೋಗ್ಯ ಸಂಸ್ಥೆಯು 1981ರಲ್ಲಿ ಡ್ಯಾಪ್ಸೋನ್, ರಿಫಾಂಪಿಸಿನ್, ಕ್ಲೋಫಾಜಿಮಿನ್ ಎಂಬ ಮೂರನ್ನು ಕೂಡಿಸಿ ಕೊಡುವ ಕ್ರಮವನ್ನು ಗೊತ್ತುಮಾಡಿತು. 1995ರಿಂದ ಈ ಔಷಧವು ಉಚಿತವಾಗಿ ದೊರೆಯುತ್ತದೆ. ರೋಗದ ಮಟ್ಟವನ್ನು ನೋಡಿ ಆರು ತಿಂಗಳು ಇಲ್ಲವೆ ಹನ್ನೆರಡು ತಿಂಗಳು ತೆಗೆದುಕೊಳ್ಳಬೇಕು. ಈ ಜೀವಾಣುವು ಒಂದು ಎರಡಾಗುವದಕ್ಕೆ ಸುಮಾರು ಎರಡು ವಾರಗಳು ಹಿಡಿಯುತ್ತವೆ. ಅಷ್ಟು ನಿಧಾನವಾಗಿ ಬೆಳೆಯುವ ಶತ್ರುವನ್ನು ನಾಲ್ಕು ದಿವಸಗಳ ಮದ್ದಿನಿಂದ ಅಳಿಸಲಾಗದು. ಮಚ್ಚೆಯು ಮಾಸಿತೆಂದು ನಡುವೆ ಬಿಟ್ಟರೆ ಉಳಿದವು ತಿರಿಗಿ ಹೆಚ್ಚುತ್ತವೆ. ರಿಫಾಂಪಿಸಿನ್ ತೆಗೆದುಕೊಂಡ ದಿನ ಮೂತ್ರವು ಕೆಂಪಾಗಬಹುದು, ಕ್ಲೋಫಾಜಿಮಿನಿನಿಂದ ಚರ್ಮವು ಕಪ್ಪಾಗಬಹುದು. ಇವುಗಳಿಗೆ ಹೆದರಿ ಔಷಧ ಬಿಟ್ಟವರುಂಟು. ಹೆದರಬೇಕಾಗಿಲ್ಲ, ಆ ಕಪ್ಪು ಔಷಧ ಮುಗಿದ ಮೇಲೆ ಮೆಲ್ಲಮೆಲ್ಲನೆ ತಿಳಿಯಾಗುತ್ತದೆ.

ಬೆರಳುಗಳು ಯಾಕೆ ಸವೆದುಹೋಗುತ್ತವೆಂಬ ಪ್ರಶ್ನೆಗೆ ಉತ್ತರವು ನಮ್ಮ ನೆರೆಯ ತಮಿಳು ಸೀಮೆಯಲ್ಲಿ ದೊರಕಿತು. ಕೊಲ್ಲಿ ಬೆಟ್ಟಗಳ ಮಿಶನರಿ ದಂಪತಿಗಳಿಗೆ 1914ರಲ್ಲಿ ಹುಟ್ಟಿದ ಪಾಲ್ ಬ್ರಾಂಡ್ ಎಂಬವರು ಶಸ್ತ್ರವೈದ್ಯರಾಗಿ 1946ರಲ್ಲಿ ವೇಲೂರಿನ ಕ್ರೈಸ್ತ ಆಸ್ಪತ್ರೆಗೆ ಬಂದರು. ಅಲ್ಲಿಯ ವರೆಗೆ ಕುಷ್ಠದಲ್ಲಿ ಮಾಂಸವು ತಾನೇ ಕೊಳೆತು ಬೀಳುವದೆಂದು ವೈದ್ಯರೂ ನಂಬಿದ್ದರು. ಬ್ರಾಂಡರು ರೋಗಿಗಳ ಕೈಗಳನ್ನು ದಿನದಿನವೂ ನೋಡುತ್ತಾ ಬಂದು ಕಂಡದ್ದೇನಂದರೆ: ರೋಗವು ನರಗಳನ್ನು ಕೊಲ್ಲುತ್ತದೆ, ನೋವು ತಿಳಿಯದ ಕೈಗೆ ಬೆಂಕಿ, ಮೊಳೆ, ಗುದ್ದಲಿಯ ಹಿಡಿ ಇವುಗಳಿಂದ ಗಾಯವಾಗುತ್ತದೆ, ಗಾಯದ ಮೇಲೆ ಗಾಯವಾಗಿ ಬೆರಳು ಸವೆಯುತ್ತದೆ. ತುಕ್ಕು ಹಿಡಿದ ಬೀಗವೊಂದನ್ನು ತಾನೇ ತೆರೆಯುತ್ತೇನೆಂದು ಬಲವಾಗಿ ತಿರುಗಿಸಿದ ಒಬ್ಬ ಹುಡುಗನ ಬೆರಳು ಎಲುಬು ಕಾಣುವಷ್ಟು ಸೀಳಿತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ. ರಾತ್ರಿ ಕಾಣೆಯಾಗುತ್ತಿದ್ದ ಬೆರಳಿನ ತುಣುಕುಗಳನ್ನು ಇಲಿಗಳು ಕಡಿಯುತ್ತಿದ್ದವೆಂದು ಕಾದುನೋಡಿದ ಮೇಲೆ ತಿಳಿಯಿತು; ಆ ಮೇಲೆ ರೋಗಿಗಳಿಗೆ ಬೆಕ್ಕುಗಳನ್ನು ಕೊಟ್ಟರು. ಹಾಸ್ಯವಾಗಿ ಕಾಣುವ ಈ ಔಷಧದಿಂದ ಉಳಿದ ಬೆರಳುಗಳು ಎಷ್ಟೋ! ಬಲವುಳ್ಳ ಸ್ನಾಯುವಿನ ನಾರನ್ನು ಬೇರೆ ಕಡೆಗೆ ತಿರುಗಿಸಿ ಜೋಡಿಸಿ, ಬಾಗಿದ ಬೆರಳುಗಳನ್ನು ನೆಟ್ಟಗೆ ಮಾಡುವ ಶಸ್ತ್ರಕ್ರಿಯೆಯನ್ನೂ ಅವರು ನಡಿಸಿದರು. ನೋವೆಂಬದು ದೇವರ ದಾನವೆಂದು ಬ್ರಾಂಡರು ಬಾಳಿನ ಕೊನೆಯ ವರೆಗೂ ಹೇಳುತ್ತಿದ್ದರು. ಹಲ್ಲುನೋವಿನವರಿಗೆ ಈ ಮಾತು ರುಚಿಸದು. ಅಕ್ಕನ ಬೆಂದ ಬೆರಳನ್ನು ನೋಡಿದ ನನಗೆ ರುಚಿಸುತ್ತದೆ.

ಪ್ರಸಂಗಿಯ ಮಾತಿಗೆ ಬರುತ್ತೇನೆ. ಔಷಧವಿಲ್ಲದೆ ದೇವರು ವಾಸಿಮಾಡಲಾರನೋ ಎಂದು ನನ್ನನ್ನು ಕೇಳಿದರೆ, ಮಾಡಬಲ್ಲನೆಂದೇ ಹೇಳುತ್ತೇನೆ. ಆದರೆ ಅರಸನಾದ ಹಿಜ್ಕೀಯನು ಅತ್ತು ಪ್ರಾರ್ಥಿಸಿ, ಗುಣವಾಗುವಿ ಎಂಬ ವಾಗ್ದಾನವನ್ನು ದೇವರಿಂದಲೇ ಹೊಂದಿದ ಮೇಲೆಯೂ ಪ್ರವಾದಿಯಾದ ಯೆಶಾಯನು ಹುಣ್ಣಿನ ಮೇಲೆ ಅಂಜೂರದ ಉಂಡೆಯನ್ನು ಇಡಿಸಿದನು. ಅರಸನು ಅದನ್ನು ಅವಿಶ್ವಾಸವೆಂದು ತಳ್ಳಲಿಲ್ಲ. ನಮ್ಮ ಕರ್ತನು ಕುಷ್ಠವುಳ್ಳವನನ್ನು ಮುಟ್ಟಿ ವಾಸಿಮಾಡಿದ ತರುವಾಯ ಅವನನ್ನು ಯಾಜಕನ ಬಳಿಗೆ ಕಳುಹಿಸಿದನು. ಆ ಕಾಲದಲ್ಲಿ ಪರೀಕ್ಷಿಸಿ ನೋಡತಕ್ಕವನು ಯಾಜಕನೇ. ಪ್ರಾರ್ಥನೆಯಿಂದ ಗುಣವಾಯಿತೆಂದು ಹೇಳುವವರು ಇಂದು ವೈದ್ಯರಿಗೆ ಮೈಯನ್ನು ತೋರಿಸಲಿ. ಗುಣವಾಗಿರುವದು ನಿಜವಾದರೆ ಪರೀಕ್ಷೆಗೆ ಅಂಜಬೇಕಾದದ್ದಿಲ್ಲ.

ಇದು ಪಾಪದ ಫಲವೆಂದು ಹೇಳುವವರು ಮಿರ್ಯಾಮಳನ್ನೂ ಗೇಹಜಿಯನ್ನೂ ಉಜ್ಜೀಯನನ್ನೂ ತೋರಿಸುತ್ತಾರೆ. ನಾಮಾನನನ್ನು ತೋರಿಸುವದಿಲ್ಲ, ಯಾವ ಪಾಪಕ್ಕಾಗಿ ಅವನಿಗೆ ಕುಷ್ಠ ಬಂತೆಂದು ವೇದದಲ್ಲಿ ಹೇಳಿಯೇ ಇಲ್ಲ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಪಾಪ ಮಾಡಿದವನು ಯಾರೆಂದು ಕೇಳಿದಾಗ ಕರ್ತನು ಆ ಪ್ರಶ್ನೆಯನ್ನೇ ತಳ್ಳಿಬಿಟ್ಟು, ಮಣ್ಣನ್ನು ಕಲಸಿ ಕೆಲಸಕ್ಕೆ ಕೈಯಿಕ್ಕಿದನು. ಪಾಪದ ವಿಚಾರಣೆಯಲ್ಲಿ ನಮಗೆ ಇಷ್ಟು ಆಸಕ್ತಿಯಿದ್ದರೆ, ಒಬ್ಬ ವಿಧವೆಯನ್ನು ಜಗಲಿಯಲ್ಲಿ ಕೂಡ್ರಿಸಿದ ಸಭೆಯಿಂದಲೇ ಅದನ್ನು ಆರಂಭಿಸಬಹುದಾಗಿತ್ತು.

ಸಭೆಯವರು ತಿಳಿದಿರಬೇಕಾದದ್ದು ಇನ್ನೂ ಸ್ವಲ್ಪವಿದೆ. ಈ ರೋಗವು ಔಷಧ ತೆಗೆದುಕೊಳ್ಳದ ರೋಗಿಯ ಮೂಗು ಬಾಯಿಗಳ ತುಂತುರಿನಿಂದ, ಬಹುಕಾಲ ಹತ್ತಿರವಿರುವವರಿಗೆ ಹರಡುತ್ತದೆ. ಅವರಲ್ಲಿಯೂ ಹೆಚ್ಚಿನವರ ದೇಹವು ಅದನ್ನು ತಾನೇ ಎದುರಿಸಿ ಗೆಲ್ಲುತ್ತದೆ. ಕೈ ಹಿಡಿದದರಿಂದಾಗಲಿ, ಪಕ್ಕದಲ್ಲಿ ಕೂತದರಿಂದಾಗಲಿ, ಒಂದೇ ಪಂಕ್ತಿಯಲ್ಲಿ ಉಂಡದರಿಂದಾಗಲಿ ಹರಡುವದಿಲ್ಲ. ಔಷಧವನ್ನು ಆರಂಭಿಸಿದ ಸ್ವಲ್ಪ ಕಾಲದಲ್ಲಿಯೇ ರೋಗಿಯಿಂದ ಇತರರಿಗೆ ಹರಡುವದು ನಿಂತುಹೋಗುತ್ತದೆ. ಹಾಗಾದರೆ ಜಗಲಿಯು ಯಾತಕ್ಕೆ? ಸರಕಾರವು ಕೂಡ 1898ರ ಕುಷ್ಠರೋಗಿಗಳ ಕಾಯಿದೆಯನ್ನು 2016ರಲ್ಲಿ ರದ್ದುಮಾಡಿತು. ಕ್ರೈಸ್ತರ ವಿವಾಹವಿಚ್ಛೇದನದ 1869ರ ಕಾಯಿದೆಯಲ್ಲಿ ಕುಷ್ಠವೂ ಒಂದು ಕಾರಣವಾಗಿ ಸೇರಿತ್ತು. 2019ರಲ್ಲಿ ಅದನ್ನು ತೆಗೆದುಹಾಕಿದರು. ಈ ವಿಷಯದಲ್ಲಿ ಸಭೆಯು ಮುಂದಾಗಿ ನಡೆದು ಸರಕಾರವು ಹಿಂಬಾಲಿಸಬೇಕಾಗಿತ್ತು.

ರೋಗವು ಮುಗಿದುಹೋಯಿತೆಂದೂ ತಿಳಿಯಬೇಡಿರಿ. ಹತ್ತು ಸಾವಿರ ಜನರಲ್ಲಿ ಒಬ್ಬನಿಗಿಂತ ಕಡಿಮೆಯೆಂಬ ಮಟ್ಟವನ್ನು ನಮ್ಮ ದೇಶವು 2005ರ ದಶಂಬರದಲ್ಲಿ ಮುಟ್ಟಿತು. ಆದರೂ 2022ರಂಥಾ ಇತ್ತೀಚಿನ ವರುಷದಲ್ಲಿಯೂ ಒಂದು ಲಕ್ಷಕ್ಕೆ ಮೇಲ್ಪಟ್ಟು ಹೊಸ ರೋಗಿಗಳು ಇಲ್ಲಿ ಕಂಡುಬಂದರು. ಲೋಕದಲ್ಲಿ ಕಂಡವರೊಳಗೆ ಅರ್ಧಕ್ಕಿಂತ ಹೆಚ್ಚು ಮಂದಿ ನಮ್ಮವರೇ. ಮೈಮೇಲೆ ಮಸುಕಾದ ಇಲ್ಲವೆ ಕೆಂಪಾದ ಮಚ್ಚೆಯಿದ್ದು, ಅದು ತುರಿಸದೆ ನೋಯದೆ ಇದ್ದರೆ, ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಮೆಲ್ಲಗೆ ಮುಟ್ಟಿ ನೋಡಿರಿ. ಮುಟ್ಟಿದ್ದು ತಿಳಿಯದಿದ್ದರೆ ಅಂದೇ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ತಿಳಿದರೂ ಮಚ್ಚೆಯು ಹೋಗದಿದ್ದರೆ ತೋರಿಸಿಕೊಳ್ಳುವದು ಒಳ್ಳೇದು. ರೋಗವು ದೇಹದೊಳಗೆ ಹೊಕ್ಕು ಹೊರಗೆ ಕಾಣುವದಕ್ಕೆ ಅನೇಕ ವರುಷಗಳು ಹಿಡಿಯುವದರಿಂದ ಮನೆಯವರೆಲ್ಲರನ್ನೂ ನೋಡಿಸತಕ್ಕದ್ದು.

ಬೆರಳುಗಳು ಬಾಗಿದ ಮೇಲೆ ನಾನು ಅಕ್ಕನ ಮನೆಗೆ ಹೋಗಿ, ತಪ್ಪು ನನ್ನದೂ ಆಗಿದೆಯೆಂದು ಒಪ್ಪಿಕೊಂಡೆನು. ಆಕೆಯು ಬಹಳ ಹೊತ್ತು ಸುಮ್ಮನಿದ್ದು, "ಅಯ್ಯನವರೇ, ಗುಳಿಗೆ ಬಿಟ್ಟೆ ಅಂತ ದೇವರು ಸಿಟ್ಟಾಗಿರಬಹುದೋ?" ಎಂದು ಕೇಳಿದಳು. ಸಿಟ್ಟಾಗಿದ್ದರೆ ನಮ್ಮ ಮೇಲೆ ಆಗಿರಬೇಕು, ನಿನ್ನ ಮೇಲಲ್ಲ ಅಕ್ಕಾ ಎಂದೆನು. ಮಾರನೆಯ ದಿನ ಕೂಡಿ ಆರೋಗ್ಯ ಕೇಂದ್ರಕ್ಕೆ ಹೋದೆವು. ಹನ್ನೆರಡು ಪೊಟ್ಟಣಗಳೂ ಮುಗಿದವು. ಮುಂದೆ ಒಂದು ಮಿಶನ್ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಾಗಿ ಎರಡು ಬೆರಳುಗಳೂ ಬಹುಮಟ್ಟಿಗೆ ನೆಟ್ಟಗಾದವು. ಸ್ಪರ್ಶಜ್ಞಾನವು ಮಾತ್ರ ತಿರಿಗಿ ಬರಲಿಲ್ಲ. ಸತ್ತ ನರಕ್ಕೆ ಜೀವ ಕೊಡುವ ಔಷಧವು ಇನ್ನೂ ಸಿಕ್ಕಿಲ್ಲ. ಜಗಲಿಯ ಮಾತು ಹೇಳಿದ್ದ ಹಿರಿಯರೇ ಒಂದು ಭಾನುವಾರ ಎದ್ದು ಆಕೆಯನ್ನು ಒಳಗೆ ಕರಕೊಂಡು ಬಂದು ತಮ್ಮ ಹೆಂಡತಿಯ ಪಕ್ಕದಲ್ಲಿ ಕೂಡ್ರಿಸಿದರು. ಈಗ ಅಕ್ಕನು ಪ್ರತಿ ರಾತ್ರಿ ದೀಪದ ಬೆಳಕಿನಲ್ಲಿ ಎರಡು ಕೈಗಳನ್ನೂ ಎರಡು ಅಂಗಾಲುಗಳನ್ನೂ ತಿರುಗಿಸಿ ತಿರುಗಿಸಿ ನೋಡುತ್ತಾಳೆ. ತನಗೆ ತಿಳಿಯದೆ ಆದ ಗಾಯವಿದ್ದರೆ ತೊಳೆದು ಬಟ್ಟೆ ಕಟ್ಟುತ್ತಾಳೆ. ಆ ಮೇಲೆ ಪ್ರಾರ್ಥನೆ ಮಾಡಿ ಮಲಗುತ್ತಾಳೆ.